ಗೀಸರ್ ಇರುವಾಗ ಸೋಲಾರ್ ಯಾಕೆ?

ಪ್ರಶ್ನೆ: ಮಂಡ್ಯದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ನಾವು ಐದು ಜನ. ಸ್ನಾನದ ನೀರಿಗೆ ಸೋಲಾರ್ ಹಾಕಿಸೋಣ ಅಂತ ನನ್ನಾಸೆ. ನಮ್ಮ ಯಜಮಾನರು 'ಗೃಹಜ್ಯೋತಿ ಇದೆ, ಕರೆಂಟ್ ಫ್ರೀ, ಗೀಸರ್ ಸಾಕು' ಅಂತಾರೆ. ಅತ್ತೆಗೆ ಹಂಡೆ ನೀರೇ ಬೇಕು. ಅಷ್ಟು ದುಡ್ಡು ಹಾಕಿ ಜನ ಸೋಲಾರ್ ಯಾಕೆ ಹಾಕಿಸುತ್ತಾರೆ?
- ಓದುಗರೊಬ್ಬರು, ಮಂಡ್ಯ

ಉತ್ತರ: ಮೊದಲು ನಿಮ್ಮ ಯಜಮಾನರ ಲೆಕ್ಕ ನೋಡೋಣ. 2 ಕಿಲೋವ್ಯಾಟ್ ಗೀಸರ್ ಒಂದು ಗಂಟೆ ಓಡಿದರೆ 2 ಯೂನಿಟ್. ಐದು ಜನರ ಮನೆ, ದಿನಕ್ಕೆ ಒಂದೂವರೆ ಗಂಟೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸ್ನಾನಕ್ಕೇ 90 ಯೂನಿಟ್ ಆಯಿತು. ಫ್ರೀ ಅಂದರೆ ಎಲ್ಲರಿಗೂ 200 ಯೂನಿಟ್ ಅಲ್ಲ, ಅವರವರ ಹಳೇ ಬಳಕೆಯ ಮೇಲೆ ಲೆಕ್ಕ. ಹಳೇ ಬಳಕೆಯೇ ಇಲ್ಲದ ಹೊಸ ಮನೆಗೆ 58 ಯೂನಿಟ್ ಅಂತ 2023ರಲ್ಲಿ ಯೋಜನೆ ಶುರುವಾದಾಗ ಹೇಳಿದ್ದರು. ಒಟ್ಟು ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಇದನ್ನು ಅವರಿಗೆ ತೋರಿಸಿ.

ಆದರೆ ನಾವು ಮೈಸೂರಿನ ಮನೆಗೆ ಸೋಲಾರ್ ಹಾಕಿಸಿದ್ದು ಬಿಲ್ಲಿಗಾಗಿ ಅಲ್ಲ, ಅಮ್ಮನಿಗಾಗಿ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುಂಬುತ್ತಿದ್ದರು. ಮಳೆಗಾಲದಲ್ಲಿ ಮಟ್ಟೆ ಹಸಿ. ಊದುಗೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪಗಾಗಿ, ಕೆಮ್ಮುತ್ತಾ ಆಚೆ ಬರುತ್ತಿದ್ದರು. ಸೋಲಾರ್ ಬಂದ ಮಾರನೇ ದಿನವೂ ರೂಢಿಯಂತೆ ಐದಕ್ಕೇ ಎದ್ದರು. ನಲ್ಲಿ ತಿರುಗಿಸಿ ಕೈ ಒಡ್ಡಿ ನಿಂತರು. ಬಿಸಿ ಬಂತು. ಹೋಗಿ ಮತ್ತೆ ಮಲಗಿದರು. ಅವರು ಹಾಗೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕರೆಂಟ್ ಹೋದ ಬೆಳಗ್ಗೆಯೂ ಮಕ್ಕಳು ಬಿಸಿನೀರು ಸುರಿದುಕೊಂಡು ಸ್ಕೂಲಿಗೆ ಹೊರಡುತ್ತಾರೆ. ದುಡ್ಡಿನಲ್ಲಿ ಹೇಗೆ ಅಳೆಯೋದು ಇದನ್ನ?

ಈಗ ನಾವು ಮಾಡಿದ ತಪ್ಪು ಕೇಳಿ. ನಮ್ಮದು ಬೋರ್ ನೀರು, ತುಂಬಾ ಗಡಸು. ಅಂಗಡಿಯವರು ಅದನ್ನು ಕೇಳಲೇ ಇಲ್ಲ, ತಾಮ್ರದ ಪೈಪಿನ ಪ್ಯಾನೆಲ್ ಕೊಟ್ಟರು. ಮೂರನೇ ವರ್ಷ ನೀರು ಬೆಚ್ಚಗಷ್ಟೇ ಬರತೊಡಗಿತು. ಬಿಚ್ಚಿ ನೋಡಿದರೆ ಬೆರಳಿಗಿಂತ ಸಣ್ಣ ಪೈಪಿನೊಳಗೆ ಬಿಳೀ ಸುಣ್ಣ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆದಕಿದರೆ ಮೊಟ್ಟೆ ಸಿಪ್ಪೆ ಹಾಗೆ ಚೂರು ಚೂರು ಉದುರಿತು. ನಿಮ್ಮದೂ ಬೋರ್ ನೀರಾದರೆ ಗಾಜಿನ ಟ್ಯೂಬ್ ಇರುವುದನ್ನೇ ಕೇಳಿ. ಅದರಲ್ಲೂ ಸುಣ್ಣ ಕೂರುತ್ತದೆ, ಆದರೆ ಟ್ಯೂಬ್ ಕಳಚಿ ತೊಳೆಯಬಹುದು.

ಐದು ಜನಕ್ಕೆ 200 ಲೀಟರಿನದು ಸರಿಹೋಗುತ್ತದೆ. ತಾರಸಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ, ತೆಂಗಿನ ಮರದ ನೆರಳು ಬೀಳದ ಕಡೆ ಇಡಿಸಿ. ಆಷಾಢದ ಮೋಡಕ್ಕೆ ನೀರು ಕಾಯುವುದಿಲ್ಲ, ಅದು ನಿಜ. ಆ ನಾಲ್ಕಾರು ದಿನಕ್ಕೆ ಟ್ಯಾಂಕಿನೊಳಗೆ ಕರೆಂಟ್ ಕಾಯಿಲ್ ಹಾಕಿಸಿಕೊಳ್ಳಿ.

ಅತ್ತೆಯವರ ಹಂಡೆ ತೆಗೆಸಬೇಡಿ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದಕ್ಕೆ ಸುಣ್ಣ, ಕೆಮ್ಮಣ್ಣು ಬಳಿದು ಪೂಜೆ ಮಾಡಲಿ. ಮಾರನೇ ಬೆಳಗ್ಗೆ ಎಣ್ಣೆಸ್ನಾನಕ್ಕೆ ಒಲೆಯೇ ಉರಿಯಲಿ. ಗೋಡೆಗೆ ಗಾರೆ ಆಗುವ ಮುಂಚೆ ಮಾತ್ರ ಪ್ಲಂಬರನ್ನು ಕರೆಸಿ ಬಿಸಿನೀರಿನ ಪೈಪ್ ಎಳೆಸಿಬಿಡಿ. ಆಮೇಲೆ ಗೋಡೆ ಒಡೆಸುವುದು ಜಾಸ್ತಿ ಖರ್ಚು. ಬಚ್ಚಲು ಟ್ಯಾಂಕಿಗೆ ಆದಷ್ಟು ಹತ್ತಿರ ಇರಲಿ. ನಮ್ಮಲ್ಲಿ ದೂರವಾಗಿ, ಬಿಸಿ ಬರುವಷ್ಟರಲ್ಲಿ ದಿನಾ ಒಂದು ಬಕೆಟ್ ತಣ್ಣೀರು ಹೋಗುತ್ತದೆ. ಅದನ್ನು ಹಿಡಿದಿಟ್ಟು ಗಿಡಗಳಿಗೆ ಹಾಕುತ್ತೇನೆ.