ಗಂಟಲಿಗೆ ಕರೆಂಟ್ ಕೊಟ್ಟರೆ ಕಿಡ್ನಿ ಯಾಕೆ ಕೆಡುತ್ತದೆ?

ನಿಮ್ಮ ತಾಯಿಯವರ ಗಂಟಲಿಗೆ ಕರೆಂಟ್ (ಕ್ಯಾನ್ಸರ್‌ಗೆ ಕೊಡುವ ರೇಡಿಯೇಶನ್), ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ. ಮೂರನೇ ಕೀಮೋ ಆದ ಮೇಲೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ಏರುವ ಅಂಶ) 0.8ರಿಂದ 1.7ಕ್ಕೆ ಏರಿದೆ. ಕರೆಂಟ್ ಕಿಡ್ನಿಯನ್ನು ಸುಟ್ಟಿತೇ, ಎಲ್ಲ ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ನಮ್ಮಪ್ಪನಿಗೆ ಬಾಯಿ ಕ್ಯಾನ್ಸರ್ ಆದಾಗ ಏಳು ವಾರ ಜೊತೆಗಿದ್ದು ಓಡಾಡಿದವನು.

ಕುತ್ತಿಗೆಗೆ ಬಿಡುವ ಕಿರಣ ಕಿಡ್ನಿವರೆಗೆ ಹೋಗುವುದಿಲ್ಲ. ಹೊಟ್ಟೆಗೆ ಕೊಡುವಾಗ ಆ ಭಯ ಇರುತ್ತದೆ, ಅದೂ ಎಷ್ಟೋ ತಿಂಗಳ ನಂತರ ಕಾಣಿಸಿಕೊಳ್ಳುವಂಥದ್ದು. ಕಿಡ್ನಿಗೆ ಪೆಟ್ಟು ಕೊಡುವುದು ಸಿಸ್‌ಪ್ಲಾಟಿನ್. ಪ್ಲಾಟಿನಂ ಇರುವ ಆ ಔಷಧಿ ಮೂತ್ರದಲ್ಲಿ ಹೊರಗೆ ಹೋಗುವಾಗ ಕಿಡ್ನಿಯ ಸಣ್ಣ ನಾಳಗಳ ಜೀವಕೋಶಗಳಲ್ಲಿ ಸೇರಿಕೊಂಡು ಅವನ್ನು ಕೊಲ್ಲುತ್ತದೆ. ಕೀಮೋಗೆ ಮುಂಚೆಯೂ ಆಮೇಲೂ ಸಲೈನ್ ಏರಿಸುವುದು ಅದಕ್ಕೇ. ಹಾಗಂತ ಕರೆಂಟಿನ ಪಾಲು ಇಲ್ಲವೆಂದಲ್ಲ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಗಂಟಲು ಹುಣ್ಣಾಗಿ ನೀರೂ ಇಳಿಯುವುದಿಲ್ಲ, ಕೀಮೋದ ವಾಂತಿ ಬೇರೆ. ಒಣಗಿದ ಮೈಯಲ್ಲಿ ಸಿಸ್‌ಪ್ಲಾಟಿನ್ ಇನ್ನೂ ಕ್ರೂರ.

ಅಪ್ಪನಿಗೆ ಆದದ್ದೂ ಅದೇ. "ಉರೀತದೆ ಕಣೋ, ಬೇಡ" ಎಂದು ಲೋಟ ತಳ್ಳುತ್ತಿದ್ದರು. ದಿನಕ್ಕೆ ಮೂರು ಲೋಟ ಒಳಗೆ ಹೋದರೆ ಹೆಚ್ಚು. ಅವರ ನೋವು ನೋಡಲಾರದೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ನಾಲ್ಕು ದಿನ ಕೊಟ್ಟೆ. ಯಾರನ್ನೂ ಕೇಳಲಿಲ್ಲ. ಆ ಜಾತಿಯ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ ಎಂಬುದು ಕ್ರಿಯಾಟಿನಿನ್ 1.9 ಆದ ದಿನ ಗೊತ್ತಾಯಿತು. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ. ರಾತ್ರಿ ಅವರ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಶ್ಶಕ್ತಿ ಅಂದುಕೊಂಡಿದ್ದೆವು, ರಕ್ತ ನೋಡಿದರೆ ಮೆಗ್ನೀಸಿಯಂ ಇಳಿದಿತ್ತು. ಅದೂ ಸಿಸ್‌ಪ್ಲಾಟಿನ್ ಕೆಲಸವೇ.

ಡಾಕ್ಟರು ಕೀಮೋ ನಿಲ್ಲಿಸಿದರು, ನೀರು, ಆಹಾರ ಕೊಡಲು ಮೂಗಿನಿಂದ ಟ್ಯೂಬ್ ಹಾಕಿಸಿದರು. ಕರೆಂಟನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ, 35 ಸಲವೂ ಮುಗಿಸಿದರು. ನೀವಾಗಿಯೇ ಅದನ್ನು ನಿಲ್ಲಿಸಬೇಡಿ ದಯವಿಟ್ಟು. ನಡುವೆ ಬಿಡುವು ಬಿದ್ದರೆ ಗಡ್ಡೆಗೆ ಬೆಳೆಯಲು ಅವಕಾಶ ಕೊಟ್ಟಂತೆ. ಕೀಮೋ ಮುಂದುವರಿಸಬೇಕೇ, ಕಾರ್ಬೋಪ್ಲಾಟಿನ್ ಎಂಬ ಬೇರೆ ಕೀಮೋ ಔಷಧಿಗೆ ಬದಲಿಸಬೇಕೇ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನೀವು ಕೇಳಬೇಕಾದದ್ದು: ಮೆಗ್ನೀಸಿಯಂ, ಪೊಟ್ಯಾಸಿಯಂ ನೋಡಿದ್ದಾರಾ? ನೋವಿಗೆ ಯಾವ ಮಾತ್ರೆ ಕೊಡಬಹುದು? ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡುವವರಿದ್ದರೆ ಈ 1.7ರ ವಿಷಯ ಮೊದಲೇ ಹೇಳಿ. ನೋಡಲು ಬಂದವರು ಎಳನೀರು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕೇಳದೆ ಕುಡಿಸಬೇಡಿ.

ಅಪ್ಪನ ಕ್ರಿಯಾಟಿನಿನ್ ಆಮೇಲೆ 1.3ಕ್ಕೆ ಇಳಿದು ಅಲ್ಲೇ ನಿಂತಿದೆ. ಡಯಾಲಿಸಿಸ್ ಬೇಕಾಗಲಿಲ್ಲ. ಮುದ್ದೆ ಇನ್ನೂ ಇಳಿಯುವುದಿಲ್ಲ, ಅಂಬಲಿ ಕುಡಿಯುತ್ತಾರೆ.

ಅಮ್ಮ ಕುಡಿದ ನೀರು, ಹೋದ ಮೂತ್ರ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬನ್ನಿ. ಮೂತ್ರ ಕಡಿಮೆಯಾದರೆ, ಕಾಲು ಊದಿದರೆ ಅವತ್ತೇ ತೋರಿಸಿ. ಟ್ಯೂಬ್ ವಿಷಯವನ್ನು ನಾಳೆ ಕರೆಂಟಿಗೆ ಹೋದಾಗಲೇ ಕೇಳಿ, ಮುಂದಿನ ಕೀಮೋ ದಿನದವರೆಗೆ ಕಾಯಬೇಡಿ.