ಹುದ್ದೆ ಭರ್ತಿ ಇದ್ದರೂ ರಾತ್ರಿ ಸಿಸೇರಿಯನ್ ಯಾಕಿಲ್ಲ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ದೇಶದಲ್ಲಿ 836 ಜನರಿಗೆ ಒಬ್ಬ ವೈದ್ಯರಿದ್ದಾರಂತೆ. ಸಾವಿರಕ್ಕೆ ಒಬ್ಬರಿದ್ದರೆ ಸಾಕು ಅನ್ನುತ್ತಾರೆ. ಹಾಗಿದ್ದ ಮೇಲೆ ನಮ್ಮ ಕಡೆ ಕೊರತೆ ಎಲ್ಲಿಂದ ಬಂತು ಸರ್?
– ಶಿಕ್ಷಕರು, ಕೊಪ್ಪಳ ಜಿಲ್ಲೆ

ಉತ್ತರ: ಆ 836 ಹೇಗೆ ಬಂತು ಅಂತ ಮೊದಲು ನೋಡಿ. 2024ರಲ್ಲಿ ನೋಂದಣಿಯಲ್ಲಿದ್ದ ಅಲೋಪಥಿ ವೈದ್ಯರು ಸುಮಾರು 13.86 ಲಕ್ಷ. ಇವರಲ್ಲಿ ಶೇ 80ರಷ್ಟು ಮಂದಿ ಸೇವೆಗೆ ಸಿಗುತ್ತಾರೆ ಎಂದು ಅಂದಾಜಿಸಿ, ಅದಕ್ಕೆ 5.65 ಲಕ್ಷ ಆಯುಷ್ (ಆಯುರ್ವೇದ, ಹೋಮಿಯೋಪಥಿ ಮುಂತಾದ) ವೈದ್ಯರನ್ನು ಕೂಡಿಸಿದ್ದಾರೆ. ಆಯುಷ್ ತೆಗೆದರೆ ಒಬ್ಬರ ಪಾಲಿಗೆ 1,260 ಜನ ಬೀಳುತ್ತಾರೆ. ಅದೂ ಹೋಗಲಿ, ಸರಾಸರಿಗೆ ಊರು ಗೊತ್ತಿಲ್ಲ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನ 13.9 ಲಕ್ಷ. ಸಾವಿರಕ್ಕೊಬ್ಬರ ಲೆಕ್ಕದಲ್ಲಿ 1,390 ಡಾಕ್ಟರು ಸಿಕ್ಕರೂ ಅವರೆಲ್ಲ ಕೊಪ್ಪಳ, ಗಂಗಾವತಿ ಪೇಟೆಯಲ್ಲೇ ಬೋರ್ಡು ಹಾಕಿದರೆ ಯಲಬುರ್ಗಾದ ಹಳ್ಳಿಯವರಿಗೆ ಬಂದ ಭಾಗ್ಯವೇನು?

ಪ್ರಶ್ನೆ: ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರೂ ಇದ್ದಾರೆ, ಅರಿವಳಿಕೆ ಡಾಕ್ಟರೂ ಇದ್ದಾರೆ. ರಾತ್ರಿ ಗರ್ಭಿಣಿಯನ್ನು ಕರೆದೊಯ್ದರೆ ಮಾತ್ರ ಜಿಲ್ಲಾ ಕೇಂದ್ರಕ್ಕೆ ಬರೆದು ಕೊಡುತ್ತಾರೆ. ಯಾಕೆ?
– ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಉತ್ತರ: ವಾರಕ್ಕೆ 168 ಗಂಟೆ. ಒಬ್ಬ ಡಾಕ್ಟರು 48 ಗಂಟೆ ದುಡಿದರೆ, ಹಗಲು ರಾತ್ರಿ ಒಬ್ಬರಾದರೂ ಇರುವಂತೆ ಮಾಡಲು ಮೂರೂವರೆ ಜನ ಬೇಕು. ರಜೆ, ತರಬೇತಿ, ಕೋರ್ಟ್ ಸಾಕ್ಷಿ ಎಂದು ವರ್ಷಕ್ಕೆ ಆರು ವಾರ ಕಳೆಯಿರಿ, ನಾಲ್ವರಾಗುತ್ತಾರೆ. ಫೋನ್ ಮಾಡಿದರೆ ಬರುವ ಏರ್ಪಾಡಿದ್ದರೆ ಇಬ್ಬರಲ್ಲಿ ಹೇಗೋ ಸಾಗೀತು, ಆದರೆ ಕ್ವಾರ್ಟರ್ಸ್ ಆಸ್ಪತ್ರೆ ಆವರಣದಲ್ಲೇ ಇರಬೇಕು. ಒಬ್ಬರೇ ಇದ್ದರೆ ವರದಿಯ ‘ಭರ್ತಿ’ ಕಾಲಂ ತುಂಬುತ್ತದೆ, ರಾತ್ರಿ ಪಾಳಿ ತುಂಬುವುದಿಲ್ಲ.

ಇನ್ನೊಂದು ತೊಡಕಿದೆ. ಸಿಸೇರಿಯನ್‌ಗೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಗುವನ್ನು ನೋಡುವವರು, ಶಸ್ತ್ರಚಿಕಿತ್ಸಾ ಕೊಠಡಿಯ (ಒಟಿ) ನರ್ಸ್ ನಾಲ್ವರೂ ಒಂದೇ ಹೊತ್ತಿಗೆ ಸಿಗಬೇಕು. ರಕ್ತವೂ ತಯಾರಿರಬೇಕು. ಪ್ರತಿಯೊಬ್ಬರೂ ಹತ್ತು ರಾತ್ರಿಯಲ್ಲಿ ಎಂಟು ರಾತ್ರಿ ಸಿಗುತ್ತಾರೆ ಎಂದೇ ಇಟ್ಟುಕೊಳ್ಳಿ. ಆದರೂ ನಾಲ್ವರೂ ಒಟ್ಟಿಗೆ ಕೂಡುವುದು ಹತ್ತರಲ್ಲಿ ನಾಲ್ಕೇ ರಾತ್ರಿ. ಆದ್ದರಿಂದ ಮೂರು ತಾಲೂಕಿಗೆ ಒಬ್ಬೊಬ್ಬರನ್ನು ಹಂಚುವ ಬದಲು ಮೂವರನ್ನೂ ಒಂದೇ ಆಸ್ಪತ್ರೆಯಲ್ಲಿ ಕೂರಿಸಿ, ಉಳಿದ ಎರಡು ಕಡೆಗೆ ಆಂಬುಲೆನ್ಸ್ ಖಾತ್ರಿ ಮಾಡುವುದೇ ಮೇಲು. (ತಮ್ಮ ತಾಲೂಕಿನ ಹುದ್ದೆ ಬಿಟ್ಟುಕೊಡಲು ಯಾವ ಶಾಸಕರು ಒಪ್ಪುತ್ತಾರೋ, ಅದು ಬೇರೆ ಮಾತು.)

ಎಂಬಿಬಿಎಸ್ ಮುಗಿಸಿದ ಸರ್ಕಾರಿ ವೈದ್ಯರಿಗೇ 18 ವಾರ ಜೀವರಕ್ಷಕ ಅರಿವಳಿಕೆ ಕಲಿಸುವ ಯೋಜನೆ ಹಿಂದೆಯೇ ಬಂದಿತ್ತು. ಕಲಿತವರನ್ನು ಒಟಿಯೇ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ವಾಪಸ್ ಹಾಕಿದರೆ ಕೈಚಳಕ ಹೋಗುತ್ತದೆ, ಖರ್ಚು ನೀರುಪಾಲು.

ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಹೀಗೆ ಕೇಳಿ: ಹೋದ ತಿಂಗಳು ರಾತ್ರಿ 8ರಿಂದ ಬೆಳಿಗ್ಗೆ 8ರೊಳಗೆ ಸಿಸೇರಿಯನ್ ಎಷ್ಟು, ರೆಫರ್ ಎಷ್ಟು? ಹೆರಿಗೆ ರಿಜಿಸ್ಟರ್‌ನಲ್ಲಿ ಸಮಯ ಇರುತ್ತದೆ.

ಪ್ರಶ್ನೆ: ರಾಯಚೂರಿಗೆ ಏಮ್ಸ್ ಬಂದರೆ ಡಾಕ್ಟರ ಕೊರತೆ ನೀಗುತ್ತದೆಯೇ?
– ಕಾಲೇಜು ವಿದ್ಯಾರ್ಥಿ, ಸಿಂಧನೂರು

ಉತ್ತರ: ಏಮ್ಸ್‌ಗಾಗಿ 2022ರಿಂದ ನಡೆದಿರುವ ಹೋರಾಟ ನ್ಯಾಯವಾದದ್ದೇ. ದೊಡ್ಡ ಕಾಯಿಲೆಗೆ ಹೈದರಾಬಾದು, ಬೆಂಗಳೂರು ಅಂತ ಅಲೆಯುವುದು ಕಡಿಮೆಯಾಗುತ್ತದೆ. ಪಿಎಚ್‌ಸಿಗೆ ಡಾಕ್ಟರು ಅಲ್ಲಿಂದ ಬರುತ್ತಾರೆ ಎಂದು ಮಾತ್ರ ಕಾಯಬೇಡಿ. ಏಮ್ಸ್ ಕೇಂದ್ರದ ಸಂಸ್ಥೆ. ಸೀಟುಗಳಿಗೆ ದೇಶದೆಲ್ಲೆಡೆಯವರ ಪೈಪೋಟಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಅಲ್ಲಿ ನಡೆಯದು. ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಾದರೆ ಅದೇ ವಿಧಿಯಡಿ ರಾಜ್ಯದ ಪಾಲಿನ ಸೀಟುಗಳಲ್ಲಿ ಶೇ 70 ಸ್ಥಳೀಯರಿಗೆ. ಹಳ್ಳಿಯಿಂದ ಬಂದವರು ಹಳ್ಳಿಯ ಕೆಲಸದಲ್ಲಿ ನಿಲ್ಲುವುದು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಆದರೆ ಇವತ್ತು ಸೀಟು ಕೊಟ್ಟರೆ ತಜ್ಞರು ಕೈಗೆ ಸಿಗುವುದು ಎಂಟೂವರೆ ವರ್ಷಕ್ಕೆ: ಎಂಬಿಬಿಎಸ್, ಇಂಟರ್ನ್‌ಷಿಪ್ ಸೇರಿ ಐದೂವರೆ, ಪಿಜಿ ಮೂರು. ಬೇಗ ಆಗಬೇಕೆಂದರೆ ಈಗಾಗಲೇ ಪಿಎಚ್‌ಸಿಯಲ್ಲಿರುವವರಿಗೆ ಪಿಜಿ ಸೀಟು ಮೀಸಲಿಡುವುದೇ ದಾರಿ. ರಾಜ್ಯಗಳಿಗೆ ಆ ಅಧಿಕಾರ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಓದಿದ ಮೇಲೆ ಸರ್ಕಾರಿ ಸೇವೆ ಮಾಡುತ್ತೇನೆಂದು ಬರೆದುಕೊಡುವ ಬಾಂಡ್‌ನಲ್ಲಿ ಇಷ್ಟು ವರ್ಷ ಎಂಬುದರ ಜೊತೆ ಇಂಥ ಆಸ್ಪತ್ರೆ ಎಂದೂ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಓದು ಮುಗಿಯುತ್ತಲೇ ‘ನಿಯೋಜನೆ’ ಹೆಸರಲ್ಲಿ ಬೆಂಗಳೂರಿನ ಬಸ್ಸು ಹತ್ತುವುದನ್ನು ತಡೆಯಲಾಗದು.