ಖಾಕಿ ತೊಟ್ಟ ತಾತ ಯಾವ ಪಡೆಯವರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲಿರುವ ಹಳೆಯ ಮಿಲಿಟರಿ ಫೋಟೋಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇವುಗಳಲ್ಲಿ ಹೆಚ್ಚಿನವು ಖಾಯಂ ಸೈನಿಕರದ್ದಲ್ಲ, ಮೀಸಲು ಪಡೆಯವರದ್ದು. ಅಂದರೆ ಊರಲ್ಲೇ ನೌಕರಿಯೋ ಬೇಸಾಯವೋ ಮಾಡಿಕೊಂಡು, ವರ್ಷಕ್ಕೊಮ್ಮೆ ಕ್ಯಾಂಪಿಗೆ ಹೋಗಿ ಬರುತ್ತಿದ್ದವರದ್ದು.

ಪ್ರಶ್ನೆ: ನಮ್ಮ ತಾತನ ಒಂದು ಗ್ರೂಪ್ ಫೋಟೋ ಇದೆ. ಮೂರು ಸಾಲು ಜನ, ಮುಂದಿನ ಸಾಲಿನವರು ಕುರ್ಚಿಯಲ್ಲಿ, ಹಿಂದಿನವರ ಕೈಯಲ್ಲಿ ಬಂದೂಕು. ಎರಡನೇ ಮಹಾಯುದ್ಧದಲ್ಲಿ ತೆಗೆದದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಹಿಂದೆ ಪೆನ್ಸಿಲ್‌ನಲ್ಲಿ ‘ಟೆರಿಟೋರಿಯಲ್’ ಅಂತ ಇದೆ, ಇಸವಿ ಇಲ್ಲ. ಸ್ಟುಡಿಯೋ ಸೀಲಿನಲ್ಲಿ ‘ಬಳ್ಳಾರಿ, ಮೈಸೂರು ರಾಜ್ಯ’ ಅಂತ ಇದೆ. ಕೆಳಗಿನ ಹೆಸರುಗಳಲ್ಲಿ ಇಬ್ಬರ ಮುಂದೆ ‘ಜಮಾದಾರ್’ ಅಂತಿದೆ. ಸ್ಕ್ಯಾನ್ ಕಳಿಸಿದ್ದೇನೆ. ಯಾವ ಕಾಲದ್ದು?
– ಕೌಲ್ ಬಜಾರ್, ಬಳ್ಳಾರಿ

ಉತ್ತರ: ಸ್ಕ್ಯಾನ್ ಚೆನ್ನಾಗಿ ಬಂದಿದೆ, ಅದರಿಂದಲೇ ಅರ್ಧ ಕೆಲಸ ಆಯಿತು. ಮೊದಲಿಗೆ ನೀವು ಜಾಸ್ತಿ ನಂಬಿರುವ ಬಂದೂಕನ್ನು ಪಕ್ಕಕ್ಕಿಡಿ. ಅದು .303 ರೈಫಲ್, ತುದಿಯವರೆಗೂ ಮರ ಇದ್ದು ಮೂತಿ ಮೊಂಡಾಗಿರುತ್ತದಲ್ಲ, ಅದೇ. ಮಹಾಯುದ್ಧದಲ್ಲಿ ಇದ್ದದ್ದು ನಿಜ. ಆದರೆ ಯುದ್ಧ ಮುಗಿದು ಎಷ್ಟೋ ವರ್ಷ ಮೀಸಲು ಪಡೆಗಳ ಕೈಯಲ್ಲಿ, ಆಮೇಲೆ ಎನ್‌ಸಿಸಿ ಹುಡುಗರ ಕೈಯಲ್ಲಿ ಅದೇ ಇತ್ತು. ಮೀಸಲು ಪಡೆಗೆ ಬರುತ್ತಿದ್ದದ್ದು ಖಾಯಂ ಸೇನೆ ಬಳಸಿ ಬಿಟ್ಟ ಸಾಮಾನು: ಬಂದೂಕು, ಬೆಲ್ಟು, ಕೆಲವೊಮ್ಮೆ ಬೂಟು ಕೂಡ. ಹಾಗಾಗಿ ಇಂಥ ಫೋಟೋದಲ್ಲಿ ಹಳೆಯ ವಸ್ತು ಕಂಡರೆ ಏನೂ ತೀರ್ಮಾನ ಆಗುವುದಿಲ್ಲ. ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಹೊಸದು ಯಾವುದು ಅಂತ ಹುಡುಕಬೇಕು. ಆ ಹೊಸ ವಸ್ತು ಹುಟ್ಟುವ ಮೊದಲು ಆ ಫೋಟೋ ಹುಟ್ಟಿರಲು ಸಾಧ್ಯವಿಲ್ಲ, ಅಷ್ಟೇ.

ನಿಮ್ಮ ಫೋಟೋದಲ್ಲಿ ಆ ಹೊಸ ವಸ್ತು ಕುರ್ಚಿಯಲ್ಲಿ ಕೂತ ಅಧಿಕಾರಿಯ ಹೆಗಲ ಮೇಲಿದೆ. ನಡುವೆ ಕೂತವರ ಎಡ ಹೆಗಲನ್ನು ದೊಡ್ಡದು ಮಾಡಿ ನೋಡಿ. ಮೇಲೆ ಒಂದು ಗುರುತು, ಅದರ ಕೆಳಗೆ ಒಂದು ನಕ್ಷತ್ರ. ಬ್ರಿಟಿಷರ ಕಾಲದ್ದಾಗಿದ್ದರೆ ಮೇಲಿನದು ಕಿರೀಟ ಆಗಿರಬೇಕಿತ್ತು, ಉಬ್ಬಿದ ಗುಂಡು ತಲೆ, ತುದಿಯಲ್ಲಿ ಪುಟ್ಟ ಶಿಲುಬೆ. ಇಲ್ಲಿ ಹಾಗಿಲ್ಲ. ನೆಟ್ಟಗೆ ನಿಂತಿದೆ, ಮೇಲ್ಭಾಗ ಅಗಲ, ಕೆಳಗೆ ಪೀಠ. ಅದು ಅಶೋಕನ ಸಿಂಹ. ನಕ್ಷತ್ರ ನೋಡಿದರೂ ಅಷ್ಟೇ: ಬ್ರಿಟಿಷ್ ನಕ್ಷತ್ರ ನಾಲ್ಕು ಮೂಲೆಯ ವಜ್ರದ ಹಾಗೆ ಕಾಣುತ್ತದೆ, ಇಲ್ಲಿರುವುದಕ್ಕೆ ಐದು ಮೂಲೆ ಸ್ಪಷ್ಟವಾಗಿ ಎಣಿಸಬಹುದು. ಭಾರತ ಗಣರಾಜ್ಯವಾದ 1950ರ ಜನವರಿ 26ರಿಂದ ಕಿರೀಟದ ಜಾಗಕ್ಕೆ ಸಿಂಹ ಬಂತು. ಅಂದರೆ ಫೋಟೋ ಅದಕ್ಕಿಂತ ಹಿಂದಿನದಲ್ಲ.

ಇನ್ನೊಂದು ತುದಿಯನ್ನು ‘ಜಮಾದಾರ್’ ಪದ ಕಟ್ಟಿಹಾಕುತ್ತದೆ. ಸೇನೆಯಲ್ಲಿ ಆ ಹುದ್ದೆಯ ಹೆಸರು 1965ರಲ್ಲಿ ‘ನಾಯಬ್ ಸುಬೇದಾರ್’ ಆಯಿತು. ಹೆಸರುಗಳನ್ನು ಫೋಟೋ ತೆಗೆದಾಗಲೇ ಬರೆಸಿದ್ದಾರೆ ಅನ್ನುವುದು ಅಕ್ಷರ ನೋಡಿದರೆ ಗೊತ್ತಾಗುತ್ತದೆ, ನೆಗೆಟಿವ್ ಮೇಲೇ ಬರೆದ ಬಿಳಿ ಅಕ್ಷರ ಅದು. ಹಾಗಾಗಿ 1950 ಮತ್ತು 1965ರ ನಡುವೆ ಎಲ್ಲೋ. ಹಿಂದಿನ ‘ಟೆರಿಟೋರಿಯಲ್’, ಅಂದರೆ ಟೆರಿಟೋರಿಯಲ್ ಆರ್ಮಿ ಅನ್ನುವ ಮೀಸಲು ಪಡೆ, ಇದಕ್ಕೆ ಸರಿಯಾಗಿ ಹೊಂದುತ್ತದೆ. ಟೆರಿಟೋರಿಯಲ್ ಆರ್ಮಿ ಕಾಯ್ದೆ ಬಂದದ್ದು 1948ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅದನ್ನು ಉದ್ಘಾಟಿಸಿದ್ದು 1949ರ ಅಕ್ಟೋಬರ್ 9ರಂದು.

ಇನ್ನು ಸ್ಟುಡಿಯೋ ಸೀಲು. ಬಳ್ಳಾರಿ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ರಂದು. ಸೀಲು ಈ ಎರಡರ ನಡುವಿನದು. ಹಾಗಂತ ಫೋಟೋವನ್ನೂ 1953ರ ಆಚೆಗೆ ತಳ್ಳಿಬಿಡಬೇಡಿ. ಸೀಲು ಹೇಳುವುದು ಪ್ರತಿ ಹಾಕಿದ ಕಾಲವನ್ನು, ಫೋಟೋ ತೆಗೆದ ಕಾಲವನ್ನಲ್ಲ. ಆಗೆಲ್ಲ ಹಳೆ ಫೋಟೋ ಮಾಸಿದರೆ ಸ್ಟುಡಿಯೋಕ್ಕೆ ಒಯ್ದು ಅದನ್ನೇ ಮತ್ತೆ ಫೋಟೋ ಹೊಡೆಸಿ ಇನ್ನೊಂದು ಪ್ರತಿ ಮಾಡಿಸುತ್ತಿದ್ದರು, ಅಣ್ಣತಮ್ಮಂದಿರು ಬೇರೆಯಾದಾಗ ಎಲ್ಲರ ಮನೆಗೂ ಒಂದೊಂದು ಬೇಕಲ್ಲ. ನಿಮ್ಮ ಪ್ರತಿಯ ಬಲ ಮೂಲೆಯಲ್ಲಿ ಒಂದು ಮಡಿಕೆ ಗೆರೆ ಕಾಣುತ್ತದೆ. ಬೆರಳು ಸವರಿ ನೋಡಿ. ಕಾಗದ ನುಣ್ಣಗಿದ್ದು ಗೆರೆ ಬರೀ ಚಿತ್ರದಲ್ಲಿ ಮಾತ್ರ ಇದ್ದರೆ ಇದು ಪ್ರತಿಯ ಪ್ರತಿ. ಮೂಲ ನಿಮ್ಮ ಬಂಧುಗಳಲ್ಲಿ ಯಾರ ಹತ್ತಿರವಾದರೂ ಇರಬಹುದು, ದಯವಿಟ್ಟು ವಿಚಾರಿಸಿ.

ಮನೆಯವರ ಮಾತು ಪೂರ್ತಿ ಸುಳ್ಳು ಅಂತಲೂ ಅಂದುಕೊಳ್ಳಬೇಡಿ. ತಾತನ ಎದೆಯ ಮೇಲೆ ಎರಡು ರಿಬ್ಬನ್ ಇವೆ. ಅದರಲ್ಲಿ ಒಂದು ಮೂರು ಸಮಪಟ್ಟಿಯದು, ನಡುವಿನದು ಬಿಳಿ. ಭಾರತ ಸ್ವಾತಂತ್ರ್ಯ ಪದಕದ ರಿಬ್ಬನ್ ಹೀಗೇ ಇತ್ತು: ಕೇಸರಿ, ಬಿಳಿ, ಹಸಿರು. ಅದು 1947ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. ಅಂದರೆ ಟೆರಿಟೋರಿಯಲ್‌ಗೆ ಬರುವ ಮೊದಲೇ ಅವರು ಸೇನೆಯಲ್ಲಿ ಇದ್ದಿರಬಹುದು, ಯುದ್ಧವನ್ನೂ ನೋಡಿರಬಹುದು. ಯುದ್ಧದ ಕಥೆಯೂ ನಿಜ, ಫೋಟೋ ಯುದ್ಧದ ನಂತರದ್ದು ಅನ್ನುವುದೂ ನಿಜ, ಎರಡೂ ಒಟ್ಟಿಗೆ ಇರಬಹುದಲ್ವಾ? ಆದರೆ ಬರೀ ಕಪ್ಪುಬಿಳುಪು ನೋಡಿ ರಿಬ್ಬನ್ ಬಣ್ಣ ಊಹಿಸುವಾಗ ಎಚ್ಚರ. ಹಳೆಯ ಆರ್ಥೋ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ. ಮನೆಯ ಟ್ರಂಕು, ದೇವರ ಗೂಡು ಎಲ್ಲ ಒಮ್ಮೆ ಹುಡುಕಿ. ಪದಕ ಸಿಕ್ಕರೆ ಅದರ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತಾರೆ. ಆ ನಂಬರು ಸಿಕ್ಕರೆ ಫೋಟೋ ಹೇಳಲಾರದ್ದೂ ಗೊತ್ತಾಗುತ್ತದೆ.

ಪ್ರಶ್ನೆ: ಹಳೆ ಮನೆ ಕೊಂಡಾಗ ಅಟ್ಟದ ಮೇಲೆ ಒಂದು ಫೋಟೋ ಸಿಕ್ಕಿತು. ದಪ್ಪ ರಟ್ಟಿಗೆ ಅಂಟಿಸಿದೆ. ಕೆಳಗೆ ಇಂಗ್ಲಿಷಿನಲ್ಲಿ ‘ಎಂ. ಅಂಡ್ ಎಸ್.ಎಂ. ರೈಲ್ವೆ ರೈಫಲ್ಸ್’ ಅಂತಿದೆ. ರೈಲ್ವೆಗೂ ರೈಫಲ್‌ಗೂ ಏನು ಸಂಬಂಧ?
– ತೋರಣಗಲ್ಲು

ಉತ್ತರ: ಸಂಬಂಧ ದೊಡ್ಡದೇ ಇದೆ. ನಿಮ್ಮೂರಿನ ಮೇಲೆ ಹೋಗುವ ಗುಂತಕಲ್–ಹುಬ್ಬಳ್ಳಿ ಮಾರ್ಗ ಮೊದಲು ಸದರ್ನ್ ಮರಾಠಾ ರೈಲ್ವೆಯದಾಗಿತ್ತು, 1908ರಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಗಲಾಟೆ, ದಂಗೆ ಆದರೆ ಹಳಿ, ಸೇತುವೆ, ಸ್ಟೇಷನ್ ಕಾಯಲು ಕಂಪನಿಯ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ನೌಕರರನ್ನೇ ಸೇರಿಸಿ ಪಡೆ ಕಟ್ಟಿದ್ದರು. ಡ್ರೈವರು, ಗಾರ್ಡು, ಫಿಟ್ಟರು ಎಲ್ಲರೂ ರಜೆಯ ದಿನ ಕವಾಯತು ಮಾಡಬೇಕಿತ್ತು.

ಕಾಲ ಹೇಳುವುದು ಹೆಸರಿನಿಂದಲೇ ಸುಲಭ. ಇಂಥ ಪಡೆಗಳ ಹೆಸರಿನಲ್ಲಿ ‘ವಾಲಂಟಿಯರ್’ ಅಂತ ಇದ್ದರೆ 1917ಕ್ಕಿಂತ ಮುಂಚಿನದು. ಆ ವರ್ಷ ಎಲ್ಲವನ್ನೂ ಇಂಡಿಯನ್ ಡಿಫೆನ್ಸ್ ಫೋರ್ಸ್‌ಗೆ ಸೇರಿಸಿದರು. 1920ರಲ್ಲಿ ಮತ್ತೆ ಎರಡು ಕಾಯ್ದೆ ತಂದರು: ಯುರೋಪಿಯನ್ನರಿಗೆ, ಆಂಗ್ಲೋ ಇಂಡಿಯನ್ನರಿಗೆ ಆಕ್ಸಿಲಿಯರಿ ಫೋರ್ಸ್, ಭಾರತೀಯರಿಗೆ ಇಂಡಿಯನ್ ಟೆರಿಟೋರಿಯಲ್ ಫೋರ್ಸ್. ಒಂದೇ ರೈಲ್ವೆಯಲ್ಲಿ ದುಡಿಯುವವರನ್ನು ಬಂದೂಕು ಹಿಡಿಯುವಾಗ ಬಣ್ಣ ನೋಡಿ ಬೇರೆ ಮಾಡಿದ್ದು ಇವತ್ತು ಓದಿದರೂ ಸಂಕಟ ಆಗುತ್ತದೆ. ‘ವಾಲಂಟಿಯರ್’ ಇಲ್ಲದೆ ಬರೀ ‘ರೈಲ್ವೆ ರೈಫಲ್ಸ್’ ಅಂತ ಇರುವ ನಿಮ್ಮದು ಹೆಚ್ಚಾಗಿ 1920ರಿಂದ ಸ್ವಾತಂತ್ರ್ಯದವರೆಗಿನ ಅವಧಿಯದ್ದು. ಕಾಲಿಗೆ ಮೊಣಕಾಲಿನವರೆಗೆ ಪಟ್ಟಿ ಸುತ್ತಿ, ತಲೆಗೆ ಬೆಂಡಿನ ಟೋಪಿ ಹಾಕಿದ್ದರೆ ಆ ಅವಧಿಯ ಮೊದಲರ್ಧದ್ದು ಅನ್ನುವ ಸಾಧ್ಯತೆ ಜಾಸ್ತಿ.

ಫೋಟೋವನ್ನು ರಟ್ಟಿನಿಂದ ಕೀಳಲು ಹೋಗಬೇಡಿ. ರಟ್ಟಿನ ಮೇಲೆ ಬರೆದದ್ದೇ ಅರ್ಧ ಸಾಕ್ಷಿ.

ಪ್ರಶ್ನೆ: ನಮ್ಮ ದೊಡ್ಡಪ್ಪನ ಸಮವಸ್ತ್ರದ ಫೋಟೋ ಹಿಂದೆ ಉರ್ದುವಿನಲ್ಲಿ ಬರೆದದ್ದನ್ನು ಓದಿಸಿದೆವು. ಒಂದು ತಿಂಗಳ ಹೆಸರು, ‘1354’ ಅಂತ ಇಸವಿ. ಹಿಜರಿ ಅಂತ ಲೆಕ್ಕ ಹಾಕಿ 1935 ಅಂದುಕೊಂಡೆವು. ಆದರೆ ಆಗ ದೊಡ್ಡಪ್ಪನಿಗೆ ಇನ್ನೂ ಹತ್ತು ವರ್ಷ!
– ರಾಯಚೂರು

ಉತ್ತರ: ಹಿಜರಿ 1354 ಅಂದರೆ 1935–36, ಲೆಕ್ಕ ಸರಿ. ಆದರೆ ರಾಯಚೂರು 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಅಲ್ಲಿನ ಸರ್ಕಾರಿ ಕಾಗದಪತ್ರಕ್ಕೆ ಫಸಲಿ ಇಸವಿ ಬಳಸುತ್ತಿದ್ದರು. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ ಬರುತ್ತದೆ. ವರ್ಷ ಶುರುವಾಗುತ್ತಿದ್ದದ್ದು ಅಕ್ಟೋಬರಿನಲ್ಲಿ. ಫಸಲಿ 1354 ಅಂದರೆ 1944ರ ಅಕ್ಟೋಬರಿನಿಂದ ಒಂದು ವರ್ಷ. ಆಗ ದೊಡ್ಡಪ್ಪನಿಗೆ ಹತ್ತೊಂಬತ್ತು, ಸರಿಹೋಯಿತಲ್ಲ!

ಖಚಿತ ಮಾಡಿಕೊಳ್ಳಲು ಆ ತಿಂಗಳ ಹೆಸರನ್ನು ಮತ್ತೊಮ್ಮೆ ಓದಿಸಿ. ಮೊಹರಂ, ಸಫರ್, ರಂಜಾನ್ ಇದ್ದರೆ ಹಿಜರಿ. ಆಜುರ್, ಬಹಮನ್ ಥರದ ಪಾರಸಿ ಹೆಸರು ಇದ್ದರೆ ಫಸಲಿ. ಒಂಬತ್ತು ವರ್ಷದ ವ್ಯತ್ಯಾಸ ಆ ಒಂದು ಪದದಲ್ಲಿದೆ. ನಿಮ್ಮ ಕಡೆಯ ಭೂಮಿ ದಾಖಲೆಗಳಲ್ಲೂ ಇದೇ ಲೆಕ್ಕ ಬರುತ್ತದೆ, ನೆನಪಿರಲಿ.

ಪ್ರಶ್ನೆ: ಅಜ್ಜ ಖಾಕಿ ಚಡ್ಡಿ, ಅಂಗಿ ಹಾಕಿ ಬಂದೂಕು ಹಿಡಿದ ಫೋಟೋ ಇದೆ. ಬಿಲ್ಲೆ ಇಲ್ಲ, ನಂಬರ್ ಇಲ್ಲ. ಮಿಲಿಟರಿಯಲ್ಲಿ ಇದ್ದರು ಅಂತ ಕೆಲವರು, ರಜಾಕಾರರ ಕಾಲದ್ದು ಅಂತ ಕೆಲವರು. ಕೇಳಲು ಮನಸ್ಸಿಗೆ ಕಷ್ಟ ಆಗುತ್ತದೆ.
– ಕೊಪ್ಪಳ ತಾಲೂಕು

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. ಬರೀ ಖಾಕಿ ನೋಡಿ ಯಾರೂ ಯಾವ ತೀರ್ಪನ್ನೂ ಕೊಡಬಾರದು. 1947–48ರಲ್ಲಿ ನಿಮ್ಮ ಭಾಗದಲ್ಲಿ ಖಾಕಿ ತೊಟ್ಟವರು ಹಲವು ಬಗೆಯವರು: ನಿಜಾಮರ ಸೈನಿಕರು, ಪೊಲೀಸರು, ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರು. ಇವರೆಲ್ಲರಿಗೂ ಎದುರಾಗಿ ನಿಂತ ಹೋರಾಟಗಾರರೂ ಇದ್ದರು. ಹೈದರಾಬಾದ್ ವಿಮೋಚನೆಗಾಗಿ ಗಡಿಯಾಚೆ ಶಿಬಿರಗಳು ನಡೆದವು. ಮುಂಡರಗಿ ಶಿಬಿರವನ್ನು ಅಳವಂಡಿ ಶಿವಮೂರ್ತಿ ಸ್ವಾಮಿಗಳು ನಡೆಸಿದರು, ಗಜೇಂದ್ರಗಡದ ಶಿಬಿರದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಇದ್ದರು. ಕೊಪ್ಪಳ ಸೀಮೆಯ ಎಷ್ಟೋ ಹುಡುಗರು ಅಲ್ಲಿಗೆ ಹೋಗಿ ಬಂದೂಕು ತರಬೇತಿ ಪಡೆದರು. ಅವರಿಗೆ ಸರ್ಕಾರ ಕೊಟ್ಟ ಬಿಲ್ಲೆ ಎಲ್ಲಿಂದ ಬರಬೇಕು?

ಬಿಲ್ಲೆ ಇಲ್ಲದ ಖಾಕಿ, ಅಳತೆಗೆ ಕೂರದ ಅಂಗಿ, ಪಕ್ಕದವನ ಕೈಯಲ್ಲಿ ಬೇರೆ ಜಾತಿಯ ಬಂದೂಕು, ಇವೆಲ್ಲ ಸರ್ಕಾರಿ ಪಡೆಯ ಲಕ್ಷಣ ಅಲ್ಲ. ಆದರೆ ಇಷ್ಟರಿಂದ ಶಿಬಿರದವರು ಅಂತಲೂ ಹೇಳಿಬಿಡಲು ಬರುವುದಿಲ್ಲ. ಅಜ್ಜನ ಹೆಸರಿಗೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಅರ್ಜಿ ಏನಾದರೂ ಇತ್ತಾ, ಆ ಕಾಲದಲ್ಲಿ ಮನೆಯವರು ಊರು ಬಿಟ್ಟು ಎಲ್ಲಿದ್ದರು, ಇದನ್ನು ಮೊದಲು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಫೋಟೋದಲ್ಲಿ ಜೊತೆಗಿರುವವರು ಯಾವ ಊರಿನವರು ಅಂತ ಗೊತ್ತಾದರೆ ದಾರಿ ಬೇಗ ಸಿಗುತ್ತದೆ.

ಪ್ರಶ್ನೆ: ಒಬ್ಬರು 1920ರ ಮಿಲಿಟರಿ ಫೋಟೋ ಅಂತ ಮಾರಲು ಬಂದಿದ್ದಾರೆ. ಅಸಲಿಯೋ ನಕಲಿಯೋ ಮನೆಯಲ್ಲೇ ನೋಡಬಹುದಾ?
– ಗಂಗಾವತಿ

ಉತ್ತರ: ಒಂದು ಪರೀಕ್ಷೆ ಮಾಡಬಹುದು. ನೋಟು ಅಸಲಿಯೋ ಅಂತ ನೋಡುವ ನೇರಳೆ ದೀಪ ನಿಮ್ಮೂರಿನ ಅಂಗಡಿಗಳಲ್ಲಿ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಫೋಟೋದ ಬಿಳಿ ಅಂಚಿಗೂ ಬೆನ್ನಿಗೂ ಆ ಬೆಳಕು ಬಿಡಿ. ಬಟ್ಟೆ ಸೋಪಿನ ಪುಡಿಯಲ್ಲಿರುವ ಹೊಳಪಿನ ರಾಸಾಯನಿಕವನ್ನೇ ಸುಮಾರು 1950ರ ದಶಕದ ಮಧ್ಯದಿಂದ ಫೋಟೋ ಕಾಗದಕ್ಕೂ ಹಾಕತೊಡಗಿದರು. ಕಾಗದ ನೀಲಿಯಾಗಿ ಮಿನುಗಿದರೆ ಅದು 1920ರದ್ದಲ್ಲ. ಮಿನುಗದಿದ್ದರೆ ಹಳೆಯದೇ ಅಂತ ಗ್ಯಾರಂಟಿ ಇಲ್ಲ, ಆಮೇಲೂ ಅದಿಲ್ಲದ ಕಾಗದ ಬರುತ್ತಿತ್ತು. ಬೆನ್ನಿನ ಸೀಲಿನಲ್ಲಿ ಪಿನ್ ಕೋಡ್ ಇದ್ದರೆ ದೀಪವೂ ಬೇಡ, ಪಿನ್ ಕೋಡ್ ಶುರುವಾದದ್ದೇ 1972ರ ಆಗಸ್ಟ್ 15ರಿಂದ. ಪದಕಗಳು ಬಲ ಎದೆಯಲ್ಲಿ ಕಂಡರೆ ನೆಗೆಟಿವ್ ತಿರುಗಿಸಿ ಹಾಕಿರಬಹುದು, ಅಂಗಿಯ ಗುಂಡಿ ಯಾವ ಕಡೆಗಿದೆ ನೋಡಿ.

ಪ್ರಶ್ನೆ: ಅಪ್ಪ ಟೆರಿಟೋರಿಯಲ್‌ನಲ್ಲಿದ್ದ ದಾಖಲೆ ಎಲ್ಲಿ ಸಿಗುತ್ತದೆ? ಪಿಂಚಣಿ ಇರಲಿಲ್ಲ.
– ಸಿರುಗುಪ್ಪ

ಉತ್ತರ: ಪಿಂಚಣಿ ಇಲ್ಲ ಅಂದರೆ ಸೇವೆ ಇಲ್ಲ ಅಂತಲ್ಲ. ಸೇವೆಗೆ ಕರೆದ ಅವಧಿ ಸಾಕಷ್ಟು ವರ್ಷ ಆಗದಿದ್ದರೆ ಮೀಸಲು ಪಡೆಯವರಿಗೆ ಪಿಂಚಣಿ ಸಿಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಈ ಸೇವೆಯ ಸುದ್ದಿಯೇ ಅಳಿಸಿಹೋಗಿರುವುದು ಇದರಿಂದ. ಮೊದಲು ಬಿಡುಗಡೆ ಪತ್ರ ಹುಡುಕಿ, ಅದರಲ್ಲಿ ಸೈನಿಕ ನಂಬರು ಮತ್ತು ಪಡೆಯ ಹೆಸರು ಇರುತ್ತದೆ. ಟೆರಿಟೋರಿಯಲ್ ಕಾಲ್ದಳಗಳು ಒಂದೊಂದು ರೆಜಿಮೆಂಟಿಗೆ ಸೇರಿರುತ್ತವೆ, ಪತ್ರ ಬರೆಯಬೇಕಾದದ್ದು ಆ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ. ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್. ನಿಮ್ಮ ಭಾಗದ ಸೈನಿಕ ಕಲ್ಯಾಣ ಕಚೇರಿಯವರು ಅರ್ಜಿ ಬರೆಯಲು ನೆರವಾಗುತ್ತಾರೆ. ಫೋಟೋ ಇದ್ದರೆ ಮುಂದೆ, ಹಿಂದೆ ಎರಡೂ ಕಡೆ ಸ್ಕ್ಯಾನ್ ಮಾಡಿ ಅರ್ಜಿ ಜೊತೆಗೆ ಇಡಿ, ಮೂಲವನ್ನು ಮಾತ್ರ ಯಾರ ಕೈಗೂ ಕೊಡಬೇಡಿ.